ಸೀಳು ಗೊರಸಿನ ಜಿಂಕೆ ಮತ್ತು ನನ್ನ ಒಂದು ಗುಂಡು

ಟರ್ಲಿ ಕೌಂಟಿ ಶೆರಿಫ್ ಕಚೇರಿ, ಒಹಾಯೊ

ನನ್ನ ಹೆಸರು ಆರ್ಡಿತ್ ಕಾಟ್ರಿಲ್, ತಂದೆ ದಿವಂಗತ ಓರ್ವಿಲ್ ಕಾಟ್ರಿಲ್, ವಯಸ್ಸು 67 ವರ್ಷ, ಕಸುಬು ಶಾಲಾ ಬಸ್ ಚಾಲಕಿ, ಈಗ ನಿವೃತ್ತಳು, ವಾಸ ಡಾಕ್ಸನ್ ಹಳ್ಳದ ರಸ್ತೆ, ಟರ್ಲಿ ಕೌಂಟಿ. ಶ್ರೀ ಪ್ರೆಸ್ಕಾಟ್ ಲೂಮಿಸ್ ಎಂಬವರು ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ಡೆಪ್ಯುಟಿ ಕೆಪ್ಲಿಂಗರ್ ಅವರು ವಿಚಾರಿಸಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುವುದೇನೆಂದರೆ:

ಡೆಪ್ಯುಟಿ ಕೆಪ್ಲಿಂಗರ್ ಅವರನ್ನು ನಾನು ಅವರ ಒಂದನೇ ತರಗತಿಯಿಂದ ಬಲ್ಲೆ. ನನ್ನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡರೂ ಸೇತುವೆಯ ತಿರುವಿನಲ್ಲಿ ತಪ್ಪದೆ ವಾಂತಿ ಮಾಡುತ್ತಿದ್ದರು. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಅವರು ಹೇಳಿದರು. ಹೇಳಿಕೆ ನನ್ನದು, ಬರೆಯಿರಿ ಎಂದು ನಾನು ಹೇಳಿದೆ.

ಕಳೆದ ಆಗಸ್ಟ್ ತಿಂಗಳ ಕೊನೆಯ ವಾರ ನನ್ನ ಮನೆಯ ಹಿಂದಿನ ಹಳ್ಳದಲ್ಲಿ ಒಂದು ಗಂಡು ಜಿಂಕೆ ಸತ್ತು ಬಿದ್ದಿತ್ತು. ತಲೆ ನೀರಿನೊಳಗೆ ಇತ್ತು, ನಾಲಿಗೆ ಊದಿ ಹೊರಗೆ ಬಂದಿತ್ತು, ಮೈಮೇಲೆ ಎಲ್ಲಿಯೂ ಗಾಯ ಇರಲಿಲ್ಲ. ಯಾವನೋ ವಿಷ ಹಾಕಿದ್ದಾನೆ ಎಂದುಕೊಂಡು ಆ ದಿನ ನಾನು ಇಬ್ಬರು ನೆರೆಯವರನ್ನು ಬೈದೆ. ಅವರ ಕ್ಷಮೆಯನ್ನು ಆಮೇಲೆ ಕೇಳಿದ್ದೇನೆ. ಮಾರನೆಯ ದಿನ ಇನ್ನೆರಡು ಸಿಕ್ಕವು. ಸೆಪ್ಟೆಂಬರ್ ಬರುವಷ್ಟರಲ್ಲಿ ಹಳ್ಳದ ಉದ್ದಕ್ಕೂ ನಾತ ಹಬ್ಬಿ ಕಿಟಕಿ ತೆರೆಯಲು ಆಗುತ್ತಿರಲಿಲ್ಲ. ಜ್ವರ ಬಂದ ಜಿಂಕೆಗಳು ಮೈ ತಣಿಸಿಕೊಳ್ಳಲು ನೀರಿಗೆ ಬರುತ್ತಿದ್ದವು, ಅಲ್ಲೇ ಮಲಗುತ್ತಿದ್ದವು. ಒಂದು ಮರಿ ನನ್ನ ಕಣ್ಣೆದುರಿಗೇ ಮೂರು ಸಲ ಎದ್ದು ನಿಲ್ಲಲು ನೋಡಿತು. ನಾಲ್ಕನೇ ಸಲ ಏಳಲಿಲ್ಲ. ನಾನು ಮತ್ತು ನನ್ನ ಅಣ್ಣ ಹಾರ್ಲನ್ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಹೆಣಗಳನ್ನು ಎಳೆದು ಮೇಲಿನ ಹೊಲದಲ್ಲಿ ಹೂಳಿದೆವು. ಎಷ್ಟು ಎಂದು ಡೆಪ್ಯುಟಿ ಕೇಳಿದರು. ಎಣಿಸುವುದನ್ನು ಬಿಟ್ಟಮೇಲೂ ಹೂಳಿದ್ದೇವೆ.

ವನ್ಯಜೀವಿ ಇಲಾಖೆಯ ಮಿಸ್ ಬ್ರಾಂಟ್ ಎಂಬ ಅಧಿಕಾರಿ ಬಂದು ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋದರು. ಹತ್ತು ದಿನದ ಮೇಲೆ ಅಗ್ನಿಶಾಮಕ ಠಾಣೆಯಲ್ಲಿ ಸಭೆ ಕರೆದು ನಮಗೆಲ್ಲ ವಿವರಿಸಿದರು. ಇದು ನೊರಜು ಕಚ್ಚಿ ಹರಡುವ ಜ್ವರವೆಂದೂ, ಮನುಷ್ಯರಿಗೆ ಬರುವುದಿಲ್ಲವೆಂದೂ, ಕಾಡಿನ ಜಿಂಕೆಗೆ ಕೊಡುವಂಥ ಔಷಧಿ ಇಲ್ಲವೆಂದೂ, ಮೊದಲ ಗಟ್ಟಿ ಹಿಮ ಬಿದ್ದ ದಿನ ನೊರಜು ಸತ್ತು ರೋಗವೂ ನಿಲ್ಲುತ್ತದೆ ಎಂದೂ ಹೇಳಿದರು. ಅಪರೂಪಕ್ಕೆ ಕೆಲವು ಜಿಂಕೆಗಳು ಈ ಜ್ವರ ಬಂದೂ ಬದುಕುತ್ತವೆ, ಅವುಗಳ ಗೊರಸು ಸೀಳುತ್ತದೆ, ಕುಂಟುತ್ತವೆ, ಆದರೆ ಅಂಥ ತಾಯಿಯ ಮರಿಗೆ ಹಾಲಿನಲ್ಲೇ ಒಂದಷ್ಟು ಕಾಪು ಸಿಗುತ್ತದೆ ಎಂದೂ ತಿಳಿಸಿದರು. ನಾನು ಮೊದಲ ಸಾಲಿನಲ್ಲಿ ಕೂತು ಕೇಳಿದ್ದೇನೆ. ಅವರು ಚೆನ್ನಾಗಿ ವಿವರಿಸಿದರು.

ನಮ್ಮ ಕಡೆ ಇದರಿಂದ ಆದದ್ದನ್ನೂ ಬರೆದುಕೊಳ್ಳಬೇಕು. ಅಕ್ಟೋಬರಿನಲ್ಲಿ ಚರ್ಚಿನ ಜಿಂಕೆಮಾಂಸದ ಊಟ ನಿಂತಿತು. ಸೇತುವೆ ಹತ್ತಿರ ಬೇಟೆಗಾರರ ಜಿಂಕೆ ಕತ್ತರಿಸಿ ಕೊಡುವ ಅಂಗಡಿಯವನು ಬಾಗಿಲಿಗೆ ಬೀಗ ಹಾಕಿ ಮಗಳ ಊರಿಗೆ ಹೋದ. ನವೆಂಬರ್ ಬಂತೆಂದರೆ ಪೆಟ್ರೋಲ್ ಬಂಕಿನಲ್ಲಿ ನಿಂತು ತಾವು ಕಂಡ ಕೊಂಬಿನ ಅಳತೆಯನ್ನು ಕೈಯಗಲಿಸಿ ತೋರಿಸುವ ಗಂಡಸರು ಈ ಸಲ ಕಾಫಿ ತೆಗೆದುಕೊಂಡು ನೇರ ಮನೆಗೆ ಹೋಗುತ್ತಿದ್ದರು. ನಾನು ವರ್ಷವಿಡೀ ತಿನ್ನುವುದು ನಾನೇ ಹೊಡೆದ ಜಿಂಕೆಯನ್ನು. ಈಗ ನನ್ನ ಫ್ರೀಜರಿನಲ್ಲಿ ಇರುವುದು ಬಟಾಣಿ ಮತ್ತು ಮಂಜುಗಡ್ಡೆ. ಇಷ್ಟಾದರೂ ಇಲಾಖೆಯವರು ಕೌಂಟಿಯಲ್ಲಿ ಬೇಟೆ ನಿಲ್ಲಿಸಲಿಲ್ಲ. ತಲೆಗೊಂದು ಹೆಣ್ಣು ಜಿಂಕೆ ಹೊಡೆಯಬಹುದು ಎಂದು ಮಿತಿ ಹಾಕಿದರು. ಇಡೀ ಕೌಂಟಿಗೆ ಅದು ಸರಿಯಿರಬಹುದು. ನಮ್ಮ ಹಳ್ಳದಲ್ಲಿ ತಲೆಗೊಂದು ಜಿಂಕೆ ಇರಲಿಲ್ಲ.

ನವೆಂಬರ್ 30, ಭಾನುವಾರ ಸಂಜೆ ಆರು ಗಂಟೆಗೆ ನಾವು ಬೇಟೆ ಮನೆಯಲ್ಲಿ ಸೇರಿದೆವು. ಅದು ಅದೇ ಹಳ್ಳದ ಪಕ್ಕದಲ್ಲಿ ನನ್ನ ತಂದೆ ಕಟ್ಟಿದ ಒಂಟಿ ಕೋಣೆಯ ಮರದ ಮನೆ. ಜಮೀನು ಹೋದ ವರ್ಷ ಅಣ್ಣನ ಮಗ ಡ್ವೇನ್ ಹೆಸರಿಗೆ ಆಗಿದೆ. ನಾನು, ಅಣ್ಣ, ಡ್ವೇನ್ ಇದ್ದೆವು. ಡ್ವೇನ್ ತನ್ನ ಕಾರ್ಖಾನೆಯ ಮೇಲಧಿಕಾರಿ ಶ್ರೀ ಲೂಮಿಸ್ ಅವರನ್ನು ಅತಿಥಿಯಾಗಿ ಕರೆತಂದಿದ್ದ. ಬೇಟೆಯ ಹಿಂದಿನ ಸಂಜೆ ಆ ಮನೆಯಲ್ಲಿ ಅಂಗಡಿಯ ಕೋಳಿ ಬೆಂದದ್ದು ನಾನು ಕಂಡಂತೆ ಇದೇ ಮೊದಲು.

ಊಟಕ್ಕೆ ಕೂತಾಗ ಅಣ್ಣ ಎಲ್ಲರಿಗೂ ಕೇಳುವಂತೆ, "ಈ ಸಲ ಹೋಗಿ ಕೂತ್ಕೊಳ್ಳೋಣ, ಕಾಫಿ ಕುಡಿಯೋಣ, ವಾಪಸ್ ಬರೋಣ. ಹೆಣ್ಣು ಜಿಂಕೆಗೆ ಮಾತ್ರ ಯಾರೂ ಗುಂಡು ಹಾರಿಸ್ಬೇಡಿ" ಎಂದು ಹೇಳಿದ. ಶ್ರೀ ಲೂಮಿಸ್ ನಕ್ಕು, ತಾವು ಎರಡು ಗಂಟೆ ಕಾರು ಓಡಿಸಿಕೊಂಡು ಬಂದದ್ದು ಕಾಫಿ ಕುಡಿಯಲು ಅಲ್ಲವೆಂದೂ, ತಮ್ಮ ಬಳಿ ಪರವಾನಗಿ ಇದೆಯೆಂದೂ ತಿಳಿಸಿದರು. ಕಾನೂನು ಬಿಡುತ್ತದೆಯೋ ಇಲ್ಲವೋ ಎಂದು ನನ್ನನ್ನೇ ಕೇಳಿದರು. "ಕಾನೂನು ಬಿಡುತ್ತೆ ಸಾರ್. ಜಿಂಕೆ ಎಲ್ಲಿಂದ ತರ್ತೀರಿ?" ಎಂದು ನಾನು ಕೇಳಿದೆ. ಡ್ವೇನ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿ, "ಅತ್ತೆ, ದಮ್ಮಯ್ಯ, ಕೋಳಿ ತಿನ್ನು. ನನ್ನ ಕೆಲ್ಸ ಇವ್ರ ಕೈಲಿದೆ" ಎಂದು ಪಿಸುಗುಟ್ಟಿದ. ನಾನು ಕೋಳಿ ತಿಂದೆ. ಉಪ್ಪು ಕಡಿಮೆಯಾಗಿತ್ತು.

ಡಿಸೆಂಬರ್ 1, ಸೋಮವಾರ, ಬಂದೂಕಿನ ಬೇಟೆಯ ಮೊದಲ ದಿನ. ಬೆಳಕು ಹರಿಯುವ ಮುಂಚೆ ನಮ್ಮ ನಮ್ಮ ಜಾಗಗಳಿಗೆ ಹೋದೆವು. ಅಣ್ಣನಿಗೆ ಮಂಡಿ ನೋವಿದ್ದುದರಿಂದ ಮರದ ಮೇಲಿನ ಅವನ ಅಟ್ಟಣೆಯನ್ನು ಶ್ರೀ ಲೂಮಿಸ್ ಅವರಿಗೆ ಕೊಡಲಾಗಿತ್ತು. ನಾನು ಅಲ್ಲಿಂದ ಸುಮಾರು ಅರವತ್ತು ಗಜ ಮೇಲೆ, ದಿಬ್ಬದ ಅಂಚಿನಲ್ಲಿ ಕೂತಿದ್ದೆ. ಒಬ್ಬರಿಗೊಬ್ಬರು ಕಾಣಲೆಂದು ಬೇಟೆಗಾರರೆಲ್ಲ ಹಾಕುವ ಕಿತ್ತಳೆ ಬಣ್ಣದ ಮೇಲಂಗಿ ಹಾಕಿಕೊಂಡಿದ್ದೆ. ಶ್ರೀ ಲೂಮಿಸ್ ಅವರ ಮೇಲಂಗಿಯೂ ನನಗೆ ಚೆನ್ನಾಗಿ ಕಾಣುತ್ತಿತ್ತು.

ಬೆಳಿಗ್ಗೆ 7 ಗಂಟೆ 50 ನಿಮಿಷಕ್ಕೆ ಹಳ್ಳದ ಆಚೆಯಿಂದ ಒಂದು ಹೆಣ್ಣು ಜಿಂಕೆ ಇಳಿದು ಬಂತು. ಮುಂದಿನ ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ನೀರಿನ ಅಂಚಿಗೆ ಬಂದು ನಿಂತಾಗ ನನ್ನ ಬಂದೂಕಿನ ದುರ್ಬೀನಿನಲ್ಲಿ ಅದರ ಗೊರಸು ನೋಡಿದೆ. ಒಣಗಿದ ಸೌದೆಯ ಹಾಗೆ ಸೀಳಿತ್ತು. ಅದು ಜ್ವರ ದಾಟಿ ಬಂದ ಜಿಂಕೆ. ಹಿಂದೆಯೇ ಈ ವರ್ಷದ ಮರಿ ಬಂತು, ಅದೂ ಹೆಣ್ಣು. ಎರಡು ತಿಂಗಳಿಂದ ಆ ಹಳ್ಳದಲ್ಲಿ ನಾನು ಜೀವಂತ ಜಿಂಕೆ ಕಂಡಿರಲಿಲ್ಲ. ನನಗೆ ಅಳು ಬಂತು. ಬೇಟೆಗೆ ಕೂತು ಅತ್ತದ್ದು ನನ್ನ ಜನ್ಮದಲ್ಲಿ ಇಲ್ಲ, ಆದರೂ ಬಂತು, ಬರೆದುಕೊಳ್ಳಿ.

ಶ್ರೀ ಲೂಮಿಸ್ ಬಂದೂಕು ಎತ್ತಿ ಭುಜಕ್ಕೆ ಕೊಟ್ಟದ್ದನ್ನು ನೋಡಿದೆ. ಅವರ ಗಲ್ಲ ಹಿಡಿಕೆಗೆ ಒರಗಿತು. ಆಗ ನಾನು ಒಂದು ಗುಂಡು ಹಾರಿಸಿದೆ. ತಾಯಿ ಮರಿ ಎರಡೂ ಬಿಳಿ ಬಾಲ ಎತ್ತಿ ಆಚೆಯ ದಿಬ್ಬ ಹತ್ತಿ ಮರೆಯಾದವು. ಆ ಕುಂಟು ಕಾಲಿನಲ್ಲಿ ಅಷ್ಟು ಬೇಗ ಓಡುತ್ತದೆ ಎಂದು ನಾನು ತಿಳಿದಿರಲಿಲ್ಲ.

ಶ್ರೀ ಲೂಮಿಸ್ ಅಟ್ಟಣೆಯಿಂದ ಇಳಿದು ಬಂದು ನನ್ನನ್ನು ಬೈದರು. ಬೈದದ್ದನ್ನು ಬರೆಸುವುದಿಲ್ಲ, ಡೆಪ್ಯುಟಿಯ ತಾಯಿ ಈ ಕಚೇರಿಯಲ್ಲೇ ಕೆಲಸ ಮಾಡುತ್ತಾರೆ. ಅಷ್ಟರಲ್ಲಿ ಡ್ವೇನ್ ಓಡಿ ಬಂದ. "ನಿನ್ನ ಅತ್ತೆ ಬೇಕಂತಲೇ ಹೀಗೆ ಮಾಡಿದಾಳೆ" ಎಂದು ಶ್ರೀ ಲೂಮಿಸ್ ಅವನಿಗೆ ಹೇಳಿದರು. ನನ್ನನ್ನು ಕಾಪಾಡಬೇಕೆಂದೇ ಇರಬೇಕು, ಡ್ವೇನ್, "ಛೇ ಛೇ, ಬೇಕಂತ ಅಲ್ಲ ಸಾರ್, ತಪ್ಪಿರ್ಬೇಕು" ಎಂದ. ಹಾಗೆಂದವನು ಅಲ್ಲಿಗೇ ನಿಲ್ಲಿಸಬೇಕಿತ್ತು. "ಆದ್ರೆ ಅತ್ತೆ, ನೀನು ಯಾವತ್ತೂ ಗುರಿ ತಪ್ಪಿದವಳೇ ಅಲ್ವಲ್ಲ!" ಎಂದು ಆಶ್ಚರ್ಯಪಟ್ಟ. ಅತ್ತೆಯನ್ನು ಹೊಗಳಿಯೇ ಕಟಕಟೆ ಹತ್ತಿಸಿದ ಸೋದರಳಿಯ ಈ ಕೌಂಟಿಯಲ್ಲಿ ಇವನೊಬ್ಬನೇ ಇರಬೇಕು.

ನಮ್ಮ ಬೇಟೆ ಮನೆಯಲ್ಲಿ ಒಂದು ಪದ್ಧತಿ ಇದೆ. ಗುಂಡು ಹಾರಿಸಿಯೂ ಜಿಂಕೆ ಬೀಳದಿದ್ದರೆ ಆ ದಿನ ಸಂಜೆ ಅವರ ಅಂಗಿಯ ಹಿಂದಿನ ಅಂಚನ್ನು ಕತ್ತರಿಯಿಂದ ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುತ್ತಾರೆ. ನನ್ನ ತಂದೆಯ ತುಂಡುಗಳೂ ಅಲ್ಲಿವೆ. ಅಣ್ಣನವು ಸೇರಿಸಿದರೆ ಒಂದು ಕೌದಿ ಹೊಲಿಯಬಹುದು. ನನ್ನ ಹೆಸರಿನದು ಒಂದೂ ಇರಲಿಲ್ಲ. ಅಂಗಿ ಕತ್ತರಿಸಿದ ಮೇಲೆ ಯಾಕೆ ತಪ್ಪಿತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಅಲ್ಲಿಗೆ ಮುಗಿಯಿತು. ಸೋಮವಾರ ಸಂಜೆ ನಾನು ಬೆನ್ನು ತಿರುಗಿಸಿ ನಿಂತೆ. ಅಣ್ಣ ಕತ್ತರಿಸಿದ. ಕೆಂಪು ಚೌಕಳಿಯ ದಪ್ಪ ಅಂಗಿ, ಒಳ್ಳೆಯ ಸ್ಥಿತಿಯಲ್ಲಿತ್ತು. ಅಣ್ಣ ಮೊಳೆ ಹೊಡೆಯುವಾಗ ನನ್ನ ಮುಖ ನೋಡಲಿಲ್ಲ. ಇದೆಲ್ಲ ತಮಾಷೆಯೆಂದು ಭಾವಿಸಿದ ಶ್ರೀ ಲೂಮಿಸ್ ಇನ್ನಷ್ಟು ಸಿಟ್ಟಾಗಿ ಅಲ್ಲಿಂದಲೇ ಈ ಕಚೇರಿಗೆ ಬಂದು ದೂರು ಕೊಟ್ಟರು.

ಈ ದಿನ, ಮಂಗಳವಾರ, ಬೆಳಿಗ್ಗೆ 9 ಗಂಟೆಗೆ ಡ್ವೇನ್ ಮತ್ತು ಅಣ್ಣ ನನ್ನ ಮನೆಗೆ ಬಂದರು. ಕಾನೂನುಬದ್ಧ ಬೇಟೆಗೆ ಬೇಕೆಂದೇ ಅಡ್ಡಿ ಮಾಡುವುದು ಅಪರಾಧವೆಂದೂ, ಸಾಬೀತಾದರೆ ನನ್ನ ಬೇಟೆಯ ಪರವಾನಗಿ ಹೋಗಬಹುದೆಂದೂ ಡ್ವೇನ್ ತಿಳಿಸಿದ. ವಯಸ್ಸಾಗಿದೆ, ಕೈ ನಡುಗಿತು, ಗುಂಡು ತಾನಾಗಿ ಹಾರಿತು ಎಂದು ಬರೆದುಕೊಟ್ಟರೆ ಶ್ರೀ ಲೂಮಿಸ್ ದೂರು ಹಿಂದಕ್ಕೆ ಪಡೆಯಲು ಒಪ್ಪಿದ್ದಾರೆ ಎಂದೂ ತಿಳಿಸಿದ. "ಎರಡು ಸಾಲು ಅತ್ತೆ, ಅಷ್ಟೇ. ನಾನೇ ಬರ್ಕೊಡ್ತೀನಿ, ನೀನು ಸಹಿ ಹಾಕು" ಎಂದ. ಅಣ್ಣನೂ, "ಹೇಳ್ಬಿಡೇ ಆರ್ಡಿ. ಕೈ ನಡುಗೋದೇನು ನಾಚಿಕೆ ವಿಷ್ಯ ಅಲ್ಲ. ನಂದು ನೋಡು" ಎಂದು ತನ್ನ ಕೈ ಚಾಚಿದ. ಅವನ ಕೈ ನಿಜವಾಗಿಯೂ ನಡುಗುತ್ತದೆ.

ನಾನು ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಸಹಿ ಹಾಕಿಬಿಡಲು ಆಸೆಯಾಯಿತು. ಹನ್ನೆರಡನೇ ವಯಸ್ಸಿನಿಂದ ಒಂದು ವರ್ಷವೂ ಬಿಡದೆ ಆ ದಿಬ್ಬದ ಮೇಲೆ ಕೂತಿದ್ದೇನೆ. ಮಗಳು ಹುಟ್ಟಿದ ವರ್ಷವೂ ಕೂತಿದ್ದೆ, ಗಂಡ ಸತ್ತ ವರ್ಷವೂ ಕೂತಿದ್ದೆ. ಪರವಾನಗಿ ಹೋದರೆ ಬೇಟೆಯ ಕಾಲ ಬಂದಾಗ ನಾನು ಏನು ಮಾಡಬೇಕು ಎಂಬುದು ನನಗೆ ಗೊತ್ತಿಲ್ಲ. ಡ್ವೇನ್ ಕೆಲಸದ ಚಿಂತೆಯೂ ನನಗಿದೆ. ಅವನನ್ನು ನಾನೇ ಎತ್ತಿ ಆಡಿಸಿದ್ದೇನೆ. ಅವನಿಗೆ ಕಾಫಿ ಕೊಟ್ಟು, ಹೇಳಬೇಕಾದದ್ದನ್ನು ಶೆರಿಫ್ ಕಚೇರಿಯಲ್ಲೇ ಹೇಳುತ್ತೇನೆ ಎಂದು ಹೇಳಿ ನಾನೇ ಗಾಡಿ ಓಡಿಸಿಕೊಂಡು ಇಲ್ಲಿಗೆ ಬಂದೆ.

ಜಿಂಕೆಗೆ ಗುರಿಯಿಟ್ಟು ತಪ್ಪಿದಿರೋ, ಬೇಕೆಂದೇ ಓಡಿಸಿದಿರೋ ಎಂದು ಡೆಪ್ಯುಟಿ ಕೆಪ್ಲಿಂಗರ್ ಕೇಳಿದರು. ಕೇಳುವ ಮೊದಲು ಪೆನ್ನು ಕೆಳಗಿಟ್ಟು, "ನೋಡಿ ಮೇಡಂ, ನಿಧಾನವಾಗಿ ಯೋಚ್ನೆ ಮಾಡಿ ಹೇಳಿ. ನಂಗೇನೂ ಅವಸರ ಇಲ್ಲ" ಎಂದರು. ಒಳ್ಳೆಯ ಹುಡುಗ. ಪೆನ್ನು ಎತ್ತಿಕೊಳ್ಳಿ ಎಂದು ನಾನು ಹೇಳಿದೆ.

ನನ್ನ ಕೈ ನಡುಗಲಿಲ್ಲ. ಕಣ್ಣು ಮಂಜಾಗಿತ್ತು, ಒರೆಸಿಕೊಂಡೇ ಗುರಿ ಹಿಡಿದೆ. ನಾನು ಗುರಿಯಿಟ್ಟದ್ದು ಹಳ್ಳದ ಆಚೆ ದಡದ ದೊಡ್ಡ ಬಿಳಿ ಓಕ್ ಮರಕ್ಕೆ. ಆ ದಾರಿಯಲ್ಲಿ ಶ್ರೀ ಲೂಮಿಸ್ ಇರಲಿಲ್ಲ, ಜಿಂಕೆಯೂ ಇರಲಿಲ್ಲ, ಮರದ ಹಿಂದೆ ಮಣ್ಣಿನ ದಿಬ್ಬವಿದೆ. ನೆಲದಿಂದ ಎದೆಯೆತ್ತರದಲ್ಲಿ ಹಳೆಯ ಕೊಂಬೆ ಮುರಿದ ಗಂಟು ಇದೆ. ಗುಂಡು ಆ ಗಂಟಿನ ನಡುವೆ ಇರುತ್ತದೆ. ಚಾಕು ತೆಗೆದುಕೊಂಡು ಹೋಗಿ ಅಗೆದು ನೋಡಬಹುದು. ಕೈ ನಡುಗಿತು ಎಂದು ನಾನು ಬರೆದುಕೊಟ್ಟರೆ ಆ ಜಿಂಕೆ ಉಳಿದದ್ದು ಒಬ್ಬ ಮುದುಕಿಯ ಕೈತಪ್ಪಿನಿಂದ ಎಂದಾಗುತ್ತದೆ. ಹಾಗಲ್ಲ. ಅದನ್ನು ಉಳಿಸಿದ್ದು ನಾನು. ಪರವಾನಗಿ ಬೇಕಿದ್ದರೆ ತೆಗೆದುಕೊಳ್ಳಲಿ, ಅದು ನನ್ನ ಚೀಲದಲ್ಲೇ ಇದೆ, ಈಗಲೇ ಮೇಜಿನ ಮೇಲೆ ಇಟ್ಟಿದ್ದೇನೆ. ವಿಷಾದ ಇದೆಯೇ ಎಂದು ಕೇಳಿದರು. ಇಲ್ಲ.

ಒಂದು ಕೋರಿಕೆ ಮಾತ್ರ ಇದೆ. ಬೇಟೆ ಮನೆಯ ಗೋಡೆಯ ಮೇಲೆ ನನ್ನ ಹೆಸರಿನ ಅಂಗಿಯ ತುಂಡು ಇರುವುದು ಸರಿಯಲ್ಲ. ಅದನ್ನು ಕಿತ್ತು ನನಗೆ ಹಿಂದಿರುಗಿಸುವಂತೆ ನನ್ನ ಅಣ್ಣನಿಗೆ ತಿಳಿಸಬೇಕು. ನಾನು ಇವತ್ತಿನವರೆಗೆ ಗುರಿ ತಪ್ಪಿದವಳಲ್ಲ.

ಮೇಲೆ ಬರೆದಿರುವುದನ್ನು ಡೆಪ್ಯುಟಿಯವರು ನನಗೆ ಪೂರ್ತಿ ಓದಿ ಹೇಳಿದ್ದಾರೆ. ವಾಂತಿಯ ವಿಷಯವನ್ನು ಓದದೆ ದಾಟಿಸಿದ್ದರು, ನಾನು ಕೇಳಿ ಓದಿಸಿಕೊಂಡೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ, ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಶೆರಿಫ್ ಕಚೇರಿ, ಟರ್ಲಿ ಕೌಂಟಿ
ದಿನಾಂಕ: 2 ಡಿಸೆಂಬರ್ 2025, ಬೆಳಿಗ್ಗೆ 11 ಗಂಟೆ 20 ನಿಮಿಷ
ಸಹಿ: ಆರ್ಡಿತ್ ಕಾಟ್ರಿಲ್