ಕಟ್ಟಿಹಾಕಿದ ನಾಯಿಯ ಕಾಲಿಗೆ ಮರಳು ಹತ್ತಿದ ಬಗ್ಗೆ

ಉಮಾಮಹೇಶ್ವರಿ ಕೋಂ ಶಿವಯೋಗಪ್ಪ, ವಯಸ್ಸು 23, ಬಿ.ಎ., ಮನೆಗೆಲಸ, ವಾಸ ಕೋಟೆ ಬೀದಿ, ಹರಿಹರ. ಠಾಣೆಯಲ್ಲಿ ಕೇಳಲಾಗಿ ನನ್ನ ಕೈಯಾರೆ ಬರೆದುಕೊಡುವುದೇನೆಂದರೆ:

ನನ್ನ ಯಜಮಾನರು ಶಾಲಾ ಮಾಸ್ತರರು. ಎರಡು ವರ್ಷದ ಹಿಂದೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಮಿಲಿಟರಿಯಲ್ಲಿ ನಾಯಿ ಪಳಗಿಸುವ ಅವರ ಗೆಳೆಯರು ತಯಾರು ಮಾಡಿಕೊಟ್ಟ ಸಿಪಾಯಿ ಎಂಬ ನಾಯಿ ಅವರನ್ನು ಬೆಳಿಗ್ಗೆ 7-30ಕ್ಕೆ ಪುಣೆ ರಸ್ತೆ ದಾಟಿಸಿ, ಆರುನೂರು ಗಜ ದೂರದ ಶಾಲೆಗೆ ಮುಟ್ಟಿಸಿ, 11-30ಕ್ಕೆ ಮನೆಗೆ ಕರೆತರುತ್ತದೆ. ನಾಯಿ ಹೋದರೆ ಅವರ ನೌಕರಿಯೂ ಹೋದಂತೆಯೇ.

ನಮಗೆ ನಾಲ್ಕು ತಿಂಗಳ ಮಗಳಿದ್ದಾಳೆ. ಜನವರಿಯಲ್ಲಿ ಅವಳ ಮೈಮೇಲೆ ಗುಳ್ಳೆ ಎದ್ದವು. ಮನೆಯೊಳಗಿನ ನಾಯಿ ಚೊಕ್ಕಟವಾಗಿರಲಿ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಅಂದಿನಿಂದ ಸಿಪಾಯಿ ಶಾಲೆಯಿಂದ ಬಂದೊಡನೆ, ಕೂಸಿಗೆ ಎರೆದಂತೆಯೇ ದಿನಾ ಸೀಗೆಪುಡಿ ಹಚ್ಚಿ ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಮತ್ತೆ ಮಣ್ಣಾಗದಿರಲೆಂದು ಹಿತ್ತಲ ಕಂಬಕ್ಕೆ ಕಟ್ಟುತ್ತಿದ್ದೆ.

ಈ ತಿಂಗಳ ದಿನಾಂಕ 3ರಂದು ಸಾರಥಿ ಗ್ರಾಮದ ಕುರಿಗಾರ ಸಣ್ಣಬೀರಪ್ಪ ಕಂಬಳಿ ಮಾರಲು ಬಂದವನು ಕಂಬಳಿಯ ಮಾತು ಬಿಟ್ಟು ನಾಯಿಯ ಭುಜ, ತೊಡೆ ಹಿಸುಕಿ ನೋಡಿದನು. ಇಂಥ ಕಾಲು ಕುರಿ ಹಿಂದೆ ಇರಬೇಕಿತ್ತು ಎಂದನು. ಅಂದೇ ನನಗೆ ಅನುಮಾನ ಬಂತು.

ಮಗು ರಾತ್ರಿಯಿಡೀ ಅಳುವುದರಿಂದ ನನಗೆ ನಿದ್ದೆಯೆಂದರೆ ಮಧ್ಯಾಹ್ನ 3ರಿಂದ 4ರವರೆಗೆ ಮಾತ್ರ. ದಿನಾಂಕ 8ರಿಂದ, ಎದ್ದು ನೋಡಿದಾಗಲೆಲ್ಲ ನಾಯಿ ಕಟ್ಟಿದಲ್ಲೇ ಇದ್ದರೂ ಉಗುರಿನ ಸಂದಿಯಲ್ಲಿ ಹೊಳೆಯ ಮರಳು, ಬಾಲದಲ್ಲಿ ಉತ್ರಾಣಿ ಮುಳ್ಳು. ಸರಪಳಿಯ ಕೊಂಡಿ ನಾನು ಹಾಕಿದ ಕಡೆ ಇರುತ್ತಿರಲಿಲ್ಲ. ಯಜಮಾನರನ್ನು ಕೇಳಿದರೆ, ನಾಯಿ ಅಂದಮೇಲೆ ಮಣ್ಣಿರುತ್ತದೆ ಎಂದು ಮುಖ ತಿರುಗಿಸಿದರು. ಕಳ್ಳನು ಮೊದಲು ನಾಯಿಗೆ ತನ್ನ ರೂಢಿ ಮಾಡಿಸುತ್ತಿದ್ದಾನೆಂದು ನಾನು ತಿಳಿದೆ.

ಈ ದಿನ 3-40ಕ್ಕೇ ಎಚ್ಚರವಾಯಿತು. ಕಂಬದಲ್ಲಿ ಬರೀ ಸರಪಳಿ. ಯಜಮಾನರ ಕೋಣೆಯ ಬಾಗಿಲು ಮುಚ್ಚಿತ್ತು. ಮಲಗಿದವರನ್ನು ಗಾಬರಿಪಡಿಸಬಾರದೆಂದು ಎಬ್ಬಿಸದೆ, ಮಗುವನ್ನೆತ್ತಿಕೊಂಡು ಠಾಣೆಗೆ ಬಂದು ಸಣ್ಣಬೀರಪ್ಪನ ಹೆಸರು ಹೇಳಿದೆ. 4-50ಕ್ಕೆ ಪೇದೆಯವರು ಹೊಳೆದಂಡೆಯಿಂದ ಸಣ್ಣಬೀರಪ್ಪನನ್ನೂ, ಮೈಯೆಲ್ಲ ಒದ್ದೆಯಾದ ನಾಯಿಯನ್ನೂ, ಅದರ ಕೊರಳಪಟ್ಟಿ ಹಿಡಿದ ನನ್ನ ಯಜಮಾನರನ್ನೂ ಕರೆತಂದರು.

ಕೇಳಲಾಗಿ ಯಜಮಾನರು ಹೇಳಿದ್ದು: ಕಟ್ಟಿ ಕಟ್ಟಿ ಹಾಕಿದ ನಾಯಿ ದಿನಾಂಕ 6ರಂದು ಪುಣೆ ರಸ್ತೆಯ ನಡುವೆ ಮೇಕೆ ಕಂಡು ಎಳೆಯಿತು. ಅವರು ಬಿದ್ದರು. ಲಾರಿ ಎರಡು ಮಾರು ದೂರದಲ್ಲಿ ನಿಂತಿತು. ಅಲ್ಲೇ ಇದ್ದ ಸಣ್ಣಬೀರಪ್ಪ ಎತ್ತಿದನು. ಅಂದು ಅವರ ಮೊಣಕಾಲು ತರಚಿದ್ದನ್ನು ನಾನು ಕಂಡಿದ್ದೆ. ಹೊಸ್ತಿಲು ಎಡವಿದೆ ಎಂದಿದ್ದರು. ಆಮೇಲೆ ದಿನಾ ಅವನೊಡನೆ ನಾಯಿಯನ್ನು ಮುಕ್ಕಾಲು ತಾಸು ಓಡಿಸಿದ್ದಾರೆ. ಮತ್ತೆ ಅದು ಎಳೆದಿಲ್ಲವಂತೆ. ಈ ದಿನ ಅದು ಹೊಳೆಗೆ ಇಳಿದುಬಿಟ್ಟದ್ದರಿಂದ ಮನೆಗೆ ಮರಳಲು ತಡವಾಯಿತಂತೆ. ನನಗೆ ಎಚ್ಚರವಾಗಬಾರದೆಂದು ಮೆಟ್ಟು ಕೈಯಲ್ಲಿ ಹಿಡಿದು ಹೊರಡುತ್ತಿದ್ದರಂತೆ.

ನನಗೇಕೆ ಹೇಳಲಿಲ್ಲವೆಂದು ಕೇಳಿದೆ. “ಹೇಳಿದ್ರ ನೀ ಬಿಡ್ತಿದ್ದಿಲ್ಲ. ನೀ ಮಲಗಾದು ಅದೊಂದು ತಾಸು, ಎಬ್ಬಿಸಾಕೆ ಮನಸ್ಸು ಬರಲಿಲ್ಲ” ಎಂದರು.

ಸಣ್ಣಬೀರಪ್ಪ, “ಅವ್ವಾರ, ನಾಯಿನ ಕೂಸಿನಂಗ ದಿನಾ ತೊಳದು ಕಟ್ಟಿಹಾಕಬ್ಯಾಡ್ರಿ. ಕೂಸಿಗೆ ಆಡಾಕ ತೊಟ್ಲು ಐತೆ, ಓಡೋ ಕಾಲಿಗೆ ಕಂಬ ಬಿಟ್ರ ಏನೈತೆ?” ಎಂದನು.

ಸಣ್ಣಬೀರಪ್ಪನ ಮೇಲೆ ನನ್ನ ದೂರಿಲ್ಲ, ಬಿಟ್ಟುಕಳಿಸಬೇಕು. ನಾಯಿಗೆ ಇನ್ನು ವಾರಕ್ಕೊಮ್ಮೆ ಸ್ನಾನ, ದಿನಾ ಓಟ. ಒಳಗೆ ಬರುವಾಗ ಕಾಲು ಮಾತ್ರ ತೊಳೆಯುವುದು. ಹೊರಡುವಾಗ ನನ್ನನ್ನು ಎಬ್ಬಿಸುವುದಾಗಿಯೂ, ಬಿದ್ದರೆ ಬಿದ್ದೆನೆಂದು ಹೇಳುವುದಾಗಿಯೂ ಯಜಮಾನರು ಠಾಣೆಯ ಸಾಹೇಬರ ಮುಂದೆ ಮಾತು ಕೊಟ್ಟಿದ್ದಾರೆ. ಆ ಮಾತಿನ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲದ್ದರಿಂದ ಅದನ್ನೂ ಇಲ್ಲಿ ಬರೆದಿದ್ದೇನೆ.

ಬರೆದದ್ದನ್ನು ಯಜಮಾನರಿಗೂ ಓದಿ ಹೇಳಿದ್ದೇನೆ. ನಾನು ಕಂಡಂತೆ, ಕೇಳಿದಂತೆ ಸರಿಯಾಗಿದೆ.

ಸ್ಥಳ: ಹರಿಹರ
ದಿನಾಂಕ: 19-2-1965
(ಸಹಿ) ಉಮಾಮಹೇಶ್ವರಿ