ಕೂಳೂರಿನ ಕೆಸರು

ಹಲೋ... ಹಲೋ, ಯಾರು ಮಾತಾಡುವುದು? ನಂಬರ್ ಗುರ್ತ ಸಿಗ್ಲಿಲ್ಲ ನನಗೆ.

...

ಹಾಂ, ನಜ್ಲಾ! ಎಂತ ಮಾರಾಯ್ತಿ, ಇದು ಯಾರ ಫೋನು? ವಾಚ್‌ಮ್ಯಾನ್‌ದಾ? ಯಾಕೆ ಅಳ್ತಾ ಇದ್ದಿ? ಮೊದಲು ಅಳು ನಿಲ್ಲಿಸು. ಸರಿ ಹೇಳು.

...

ಕೋಲ್ಡ್ ರೂಮಿನ ಬೀಗ ಒಡೆದ್ರಾ? ನಿಜವಾಗಿಯೂ ಒಡೆದ್ರಾ? ಇವತ್ತು ಶನಿವಾರ ಅಲ್ವಾ, ಲ್ಯಾಬಲ್ಲಿ ಯಾರೂ ಇರುವುದಿಲ್ಲ ಅಂತ ನೋಡಿಯೇ ಬಂದದ್ದು.

...

ಗುಜರಿಯವರಾ? ಪೈಪು ಬೇಕಂತಾ? ಬರೀ ಪೈಪು? ಅಯ್ಯೋ ದೇವಾ... ಒಳಗಿನ ಮಣ್ಣು? ನೀರು ಬಿಟ್ಟು ತೊಳೀತಾ ಇದ್ದಾರಾ?

...

ನಾನು ಹೇಗೆ ಬರುವುದು? ಕೂಳೂರು ಸೇತುವೆ ಮೇಲೆ ಬಸ್ಸಲ್ಲಿ ಇದ್ದೇನೆ. ಕಾಟಿಪಳ್ಳದಿಂದ, ತಂಗಿ ವೆರೋನಿಕಾನ ಮನೆಯಿಂದ ಬರ್ತಾ ಇದ್ದದ್ದು. ಮುಂದೆ ಟ್ಯಾಂಕರ್ ಅಡ್ಡ ನಿಂತಿದೆ, ಅರ್ಧ ಗಂಟೆಯಿಂದ ಒಂದಡಿ ಹೋಗಲಿಲ್ಲ. ಇಳಿದು ನಡೀಲಿಕ್ಕೆ ಈ ಮೊಣಕಾಲು ಬಿಡ್ಬೇಕಲ್ಲ? ಅಲ್ಲಿ ಯಾರು ದೊಡ್ಡವರು? ಅಲಿಯಬ್ಬ ಅಂತಾ? ಕೊಡು ಅವರಿಗೆ, ಬೇಗ ಕೊಡು.

...

ಹಲೋ, ಅಲಿಯಬ್ಬ ಅವ್ರೇ, ನಮಸ್ಕಾರ. ನಾನು ಎವ್ಲಿನ್, ಆ ಲ್ಯಾಬಿನ ಮೇಡಂ. ಒಂದು ಐದು ನಿಮಿಷ ನೀರು ಬಂದ್ ಮಾಡಿ, ಆಯ್ತಾ? ದಮ್ಮಯ್ಯ.

...

ಹೌದು, ಕೆಸರೇ. ನೋಡ್ಲಿಕ್ಕೆ ಕೆಸರೇ. ಆದ್ರೆ ಅದರೊಳಗೆ ಹೂವಿನ ಹುಡಿ ಉಂಟು, ಪರಾಗ. ಎಂಟು ಸಾವಿರ ವರ್ಷದ ಹಿಂದಿನದ್ದು. ಆಗ ಇಲ್ಲಿ ಎಂಥೆಂಥ ಮರ ಇತ್ತು, ಯಾವಾಗ ಮಳೆ ಕೈಕೊಟ್ಟಿತು, ಸಮುದ್ರ ಎಲ್ಲಿಯವರೆಗೆ ಬಂದಿತ್ತು, ಎಲ್ಲ ಅದನ್ನು ನೋಡಿ ಹೇಳ್ಬಹುದು. ಇಪ್ಪತ್ತಾರು ವರ್ಷದಿಂದ ನಾನು ಅದೊಂದೇ ಕೆಲಸ ಮಾಡ್ತಾ ಇರುವುದು.

...

ಬೇರೆ ತರ್ಲಿಕ್ಕಾ? ಎಲ್ಲಿಂದ ತರುವುದು? ಅದನ್ನು ತೆಗೆದ ಜಾಗ ನನಗೆ ಈ ಬಸ್ಸಿನ ಕಿಟಕಿಯಲ್ಲಿ ಕಾಣ್ತಾ ಉಂಟು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಇತ್ತು ಹೊಳೆ ಬದಿಯಲ್ಲಿ. ನಾನು, ನಮ್ಮ ಯಜಮಾನ್ರು ಮೊರಿಸ್, ಇಬ್ಬರು ದೋಣಿಯವರು ಸೊಂಟದವರೆಗೆ ಕೆಸರಲ್ಲಿ ಹೂತು ನಿಂತು ಒಂದೊಂದೇ ಪೈಪು ಇಳಿಸಿದ್ದು. ಈಗ ಅಲ್ಲಿ ಕೆಂಪು ಮಣ್ಣು ತುಂಬಿಸಿ ಲಾರಿ ನಿಲ್ಲಿಸ್ತಾರೆ. ಮೊರಿಸ್ ಅವರೂ ಇಲ್ಲ.

...

ನಿಮ್ಮ ತಪ್ಪು ಅಂತ ನಾನು ಹೇಳಲಿಲ್ಲ. ಆಫೀಸಿನವರು ಹೇಳಿದ್ರು, ನೀವು ಬಂದ್ರಿ. ಎಷ್ಟು ಉಳಿದಿದೆ ಹೇಳಿ. ಒಳಗಿನ ಗೋಡೆ ಹತ್ರ ಇದ್ದದ್ದು, ನೀಲಿ ಟೇಪ್ ಸುತ್ತಿದ್ದು? ಒಮ್ಮೆ ಹೋಗಿ ನೋಡಿ, ಅಲ್ಲೇ ಉಂಟು...

...

ಅದನ್ನೇ ಮೊದಲು ತೊಳೆದದ್ದಾ?

...

ಇಲ್ಲ. ಎಂತ ಇಲ್ಲ. ಫೋನ್ ಹುಡುಗಿಗೆ ಕೊಡಿ.

...

ನಜ್ಲಾ, ಎಲ್ಲಿ ಕೂತಿದ್ದಿ? ಚರಂಡಿ ಹತ್ರವಾ? ಕೈಯಲ್ಲಿ ಬಾಚಿ ಬಾಚಿ ಟಿಫಿನ್ ಡಬ್ಬಿಗೆ... ಬೇಡ ಬಾಯೆ, ಬಿಡು. ಮೇಲಿನ ಪದರ ಕೆಳಗಿನ ಪದರ ಒಟ್ಟಾದ ಮೇಲೆ ಯಾವ ಹುಡಿ ಯಾವ ಕಾಲದ್ದು ಅಂತ ನನಗೂ ಹೇಳ್ಲಿಕ್ಕೆ ಬರುವುದಿಲ್ಲ.

...

ಗೊತ್ತುಂಟು. ನಿನ್ನ ಪಿಎಚ್‌ಡಿ ಪೂರ್ತಿ ಆ ನೀಲಿ ಟೇಪಿನ ಪೈಪಿನ ಮೇಲೆಯೇ ನಿಂತದ್ದು. ಇನ್ನೂ ಅರ್ಧ ಹುಡಿ ಎಣಿಸ್ಲಿಕ್ಕೆ ಬಾಕಿ ಇತ್ತು. ಗೊತ್ತುಂಟು ನನಗೆ.

...

ಕಾಗದವಾ? ಅಲಿಯಬ್ಬ ಹೇಳಿದ್ರಾ, ಆಫೀಸಿನವರು ಮೊದಲೇ ಕಾಗದ ಕೊಟ್ಟಿದ್ದಾರೆ ಅಂತ?

...

ಹಾಂ. ಬಂದಿತ್ತು. ಎರಡು ತಿಂಗಳಾಯ್ತು. ಕೋಲ್ಡ್ ರೂಮ್ ಬಂದ್ ಮಾಡ್ತೇವೆ, ಹತ್ತು ಪೈಪಿಗೆ ಮಾತ್ರ ಬೇರೆ ಜಾಗ ಕೊಡ್ತೇವೆ, ಯಾವುದು ಅಂತ ಬರೆದು ಕೊಡಿ ಅಂತ. ನಲವತ್ತೊಂದರಲ್ಲಿ ಹತ್ತು! ದಿನಾ ಕೂತು ಪಟ್ಟಿ ಮಾಡುವುದು, ಹರಿದು ಹಾಕುವುದು. ಯಾವುದನ್ನು ಬಿಡಲಿ ಹೇಳು? ಕೊನೆಗೆ ಉತ್ತರವೇ ಕೊಡಲಿಲ್ಲ ನಾನು. ಉತ್ತರ ಕೊಡದಿದ್ರೆ ಅವರು ಮುಟ್ಲಿಕ್ಕಿಲ್ಲ ಅಂತ ಎಣಿಸಿದೆ.

...

ನಿನಗೆ ಹೇಳ್ಬೇಕಿತ್ತು. ಹೌದು. ಹೇಳ್ಬೇಕಿತ್ತು.

...

ಇರ್ತಿತ್ತು ನಜ್ಲಾ. ಆ ಹತ್ತರಲ್ಲಿ ನಿನ್ನದು ಇರ್ತಿತ್ತು. ಹರಿದು ಹಾಕಿದ ಪ್ರತಿ ಪಟ್ಟಿಯಲ್ಲೂ ಇತ್ತು.

...

ನಜ್ಲಾ? ಬೈ ನನಗೆ, ಬೈದ್ರೂ ಅಡ್ಡಿಯಿಲ್ಲ... ಹಲೋ? ಕೇಳ್ತಾ ಉಂಟಾ? ಫೋನ್ ಇಡ್ಬೇಡ ಮಗಾ, ಒಂದು ನಿಮಿಷ...