ಲೆನ್ಸ್ ನೆಕ್ಕಿದ್ದು

ನಗೋರು ನಗಲಿ. ಇದು ರಾಮನಗರದಲ್ಲಿ ಸ್ಟುಡಿಯೋ ಇಟ್ಟಿರೋ ನಮ್ಮ ದೊಡ್ಡಪ್ಪನ ಮಗ ಅಶ್ವಥ್‌ಗೇ ಆದದ್ದು. ಎರಡು ಸಾವಿರದ ಏಳನೇ ಇಸವಿ.

ರಾತ್ರಿ ಒಂಬತ್ತೂವರೆ. ಕ್ಯಾಮೆರಾ ಬ್ಯಾಗು ಬೆನ್ನಿಗೆ, ಸ್ಟ್ಯಾಂಡು ಹೆಗಲಿಗೆ. ಕನಕಪುರ ರಸ್ತೆಗೆ ನಡ್ಕೊಂಡು ಬರ್ತಿದ್ದ. ದಾರೀಲಿ ಒಂದು ಹಾಳುಬಾವಿ. ರೇಷ್ಮೆ ಬಿಚ್ಚೋರು ಗೂಡು ಬೇಯಿಸಿದ ನೀರು, ಸತ್ತ ಹುಳ, ಎಲ್ಲಾ ತಂದು ಸುರಿಯೋದು ಅಲ್ಲಿಗೇ. ಆ ನಾತ ನಾಲಿಗೆಗೇ ಅಂಟ್ಕೊಳ್ತಿತ್ತು. ಮೂಗಿಗೆ ಕರ್ಚೀಫು ಅದುಮಿಕೊಂಡು ದಾಟಿದ. ಹಿಂದೆ ಒಂದು ಸದ್ದು... ಲೊಚಕ್. ಎಮ್ಮೆ ತನ್ನ ಕರು ನೆಕ್ಕಿದ ಹಾಗೆ.

ತಿರುಗಿದ. ಎಮ್ಮೆ ಇಲ್ಲ. ಕರೂನೂ ಇಲ್ಲ.

ಬಾವಿ ಪಕ್ಕ ಹೊಸ ಫ್ಯಾಕ್ಟರಿ ಶೆಡ್ಡು ಎದ್ದಿತ್ತು. ಶುಕ್ರವಾರ ಉದ್ಘಾಟನೆ. ಮಧ್ಯಾಹ್ನದಿಂದ ರಾತ್ರಿವರೆಗೆ ಒಂದೇ ಜಾಗದಿಂದ ಅರ್ಧ ನಿಮಿಷಕ್ಕೊಂದು ಫೋಟೋ ತೆಗೆದು, ಎಲ್ಲಾ ಜೋಡಿಸಿ, ಹೊತ್ತು ಮುಳುಗಿ ಶೆಡ್ಡಿನ ದೀಪ ಹತ್ತೋದನ್ನ ಒಂದೇ ನಿಮಿಷದ ಫಿಲಂ ಮಾಡಿ ಕೊಡ್ತೀನಿ ಅಂತ ಅಶ್ವಥ್ ಒಪ್ಪಿಕೊಂಡಿದ್ದ. ಅವತ್ತು ಅದನ್ನೇ ತೆಗೆದು ವಾಪಸ್ ಬರ್ತಿದ್ದದ್ದು.

ಮನೇಲಿ ಕಂಪ್ಯೂಟರ್‌ಗೆ ಹಾಕಿ ನೋಡಿದ್ರೆ, ಥೂ! ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ. ಕೆಟ್ಟ ಟ್ಯೂಬ್‌ಲೈಟ್ ಹಂಗೆ ಪಕಪಕ.

"ಕ್ಯಾಮೆರಾನ ಆಟೋ ಸೆಟ್ಟಿಂಗಲ್ಲೇ ಬುಟ್ಟಿದ್ದೆ ಕಣೆ," ಅಂದ ಹೆಂಡತಿ ದಿವ್ಯಂಗೆ. "ಒಂದೊಂದು ಸಲಾನೂ ಅದು ಬೆಳಕನ್ನ ಬೇರೆ ಬೇರೆ ಥರ ಅಳ್ದೈತೆ."

ಮಾರನೇ ದಿನ ಮತ್ತೆ ಅದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಎಲ್ಲಾ ತನ್ನ ಕೈಗೇ ತಗೊಂಡ. ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸೋ ಒಳಗಿನ ರೆಕ್ಕೆ ಅಲುಗಬಾರದು ಅಂತ ಲೆನ್ಸಿನ ಕಿಂಡಿ ಪೂರ್ತಿ ತೆರೆದಿಟ್ಟ. ಕತ್ತಲಾದಂಗೆ ಶಟರ್ ತೆರೆದಿರೋ ಹೊತ್ತು ಮಾತ್ರ ಒಸಿ ಒಸಿ ಹೆಚ್ಚಿಸ್ತಾ ಬಂದ. ಏಳು ಗಂಟೆವರೆಗೂ ಬೆಣ್ಣೆ ಹಂಗೆ ಬಂತು.

ಟಕ್... ಟಕ್... ಆಮೇಲೆ ಒಂದು ಫೋಟೋ ಮಬ್ಬು. ಮುಂದಿನದೂ ಮಬ್ಬು. ಅದರ ಮುಂದಿನದು ಇನ್ನೂ ಮಬ್ಬು.

ಟಾರ್ಚ್ ಬಿಟ್ಟ. ಲೆನ್ಸಿನ ಗಾಜಿನ ಮೇಲೆ ಎರಡು ಬೆರಳಗಲ ಒಂದು ಪಟ್ಟೆ. ಲೋಳೆ. ಗಾಜಿನ ಹತ್ರ ಬಾಯಿ ತಂದು 'ಹಾ' ಅಂತ ಉಸಿರು ಬಿಟ್ಟು ಒರೆಸಿದ. ಬಾವಿ ನಾತವೇ ಮುಖಕ್ಕೆ ಹೊಡೀತು. ಕ್ಯಾಕರಿಸಿ ಉಗುಳಿದ. ಹತ್ತು ನಿಮಿಷದಲ್ಲಿ ಮತ್ತೆ ಲೋಳೆ. ಮತ್ತೆ ಒರೆಸಿದ.

ಶೆಡ್ಡು ಕಾಯೋ ಕೆಂಚಯ್ಯ ಹತ್ರ ಬಂದ. ಪಿಸುಗುಟ್ಟಿದ.

"ಒರೆಸ್ಬ್ಯಾಡಿ ಸಾ..."

"ಯಾಕಣ್ಣ?"

"ಒರೆಸ್ದಷ್ಟೂ ನೆಕ್ತದೆ. ನಮ್ ಬಲ್ಬೂ ಹಿಂಗೇಯ. ನಾವು ಒರ್ಸೋದೇ ಬುಟ್ಬುಟ್ಟಿವಿ."

"ಯಾರು... ಏನು ನೆಕ್ಕೋದು?"

ಕೆಂಚಯ್ಯ ಟವಲ್ಲಿಂದ ಬಾಯಿ ಮುಚ್ಕೊಂಡ. ಟಾರ್ಚ್ ಬೆಳಕು ಲೆನ್ಸಿನ ಮೇಲೇ ಇತ್ತು. ಇಬ್ಬರೂ ನೋಡ್ತಿದ್ದಂಗೇ... ಲೊಚಕ್. ಗಾಜಿನ ಮೇಲೆ ಲೋಳೆ ಕೆಳಗಿಂದ ಮೇಲಕ್ಕೆ ಹತ್ತಿತು. ಮುಂದೆ ಯಾರೂ ಇಲ್ಲ.

ಆಮೇಲೆ ಅಶ್ವಥ್ ತುಟಿ ಮೇಲೆ... ಬೆಚ್ಚಗೆ... ಲೊಚಕ್.

ಕ್ಯಾಮೆರಾ ಕಿತ್ಕೊಂಡು, ಸ್ಟ್ಯಾಂಡು ಅಲ್ಲೇ ಬಿಟ್ಟು, ರಸ್ತೆವರೆಗೂ ವಾಂತಿ ಮಾಡ್ಕೊಂಡೇ ಓಡಿದ. ಮನೇಲಿ ಮೂರು ಸಲ ಸೋಪಲ್ಲಿ ತುಟಿ ಉಜ್ಜಿದ. ಫಿಲಂ ಆಗಲ್ಲ ಅಂತ ಫ್ಯಾಕ್ಟರಿಯೋರಿಗೆ ಫೋನ್ ಮಾಡಿಬಿಟ್ಟ. ಅವರು ಬೈದ್ರು. ಬೈಸ್ಕೊಂಡ.

ಬೆಳಗ್ಗೆ ಹಲ್ಲುಜ್ಜೋವಾಗ ಗಂಟಲಲ್ಲಿ ಕೂದಲು ಸಿಕ್ಕಂಗಾಯ್ತಂತೆ. ಬೆರಳು ಹಾಕಿ ಎಳೆದ. ಬಂತು... ಇನ್ನೂ ಬಂತು. ಹಳದಿ ರೇಷ್ಮೆ ಎಳೆ.

ಸುಳ್ಳಲ್ಲ. ಅಳೆದವಳು ದಿವ್ಯ, ಅವಳು ಇವತ್ತಿಗೂ ಐದಾಳೆ, ಕೇಳ್ನೋಡಿ. ಒಂದೂವರೆ ಮೊಳ ಇತ್ತು.